ಓದಿದ ಕ್ರೈಸ್ತ ಪ್ರೌಢಶಾಲೆಗೆ ದೇಣಿಗೆ ಕೊಡುವ ಬಗೆ

ಓದು ಮುಗಿಸಿ ಇಪ್ಪತ್ತು ವರ್ಷಗಳಾದ ನೆನಪಿಗೆ ನಮ್ಮ ಬ್ಯಾಚಿನವರೆಲ್ಲ ಸೇರಿ ನಾವು ಕಲಿತ ಪ್ರೌಢಶಾಲೆಗೆ ಒಂದು ಕೋಣೆಯ ತುಂಬ ಕಂಪ್ಯೂಟರ್‌ಗಳನ್ನು ಕೊಟ್ಟೆವು. ಪ್ರಾರ್ಥನೆಯಾಯಿತು, ರಿಬ್ಬನ್ ಕತ್ತರಿಸಿದ್ದಾಯಿತು, ಬಾಗಿಲ ಪಕ್ಕದ ಗೋಡೆಯಲ್ಲಿ ಬ್ಯಾಚಿನ ಹೆಸರು ಕೆತ್ತಿದ ಕಲ್ಲೂ ಕೂತಿತು. ಮೂರು ವರ್ಷ ಬಿಟ್ಟು ಹೋಗಿ ನೋಡಿದಾಗ ಕಲ್ಲು ಹೊಳೆಯುತ್ತಿತ್ತು, ಕಂಪ್ಯೂಟರ್‌ಗಳಿಗೆ ಹೊದಿಸಿದ ಬಟ್ಟೆಯ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳು ಕೂತಿತ್ತು. ಕಲಿಸುವವರ ಸಂಬಳಕ್ಕಾಗಲಿ, ರಿಪೇರಿಗಾಗಲಿ, ವಿದ್ಯುತ್ ಬಿಲ್ಲಿಗಾಗಲಿ ನಾವು ಒಂದು ಕಾಸನ್ನೂ ತೆಗೆದಿಟ್ಟಿರಲಿಲ್ಲ. ಅದೇ ದಿನ ಕಚೇರಿಯ ಗುಮಾಸ್ತೆ ಶುಲ್ಕದ ಲೆಡ್ಜರನ್ನು ತೆರೆದು, ಮಕ್ಕಳ ಹೆಸರುಗಳಿದ್ದ ಕಾಲಮಿನ ಮೇಲೆ ಒಂದು ಬಿಳಿ ಹಾಳೆಯನ್ನು ಉದ್ದಕ್ಕೆ ಮುಚ್ಚಿ, ಕೆಂಪು ಶಾಯಿಯಲ್ಲಿದ್ದ ಬಾಕಿಯ ಮೊತ್ತಗಳನ್ನಷ್ಟೇ ನಮಗೆ ತೋರಿಸಿದರು. ನಾವು ಕಂಪ್ಯೂಟರ್‌ಗಳಿಗೆ ಹಾಕಿದ ಹಣದ ಅರ್ಧದಷ್ಟು ಇದ್ದಿದ್ದರೂ ಆ ಪುಟದ ಕೆಂಪು ಶಾಯಿಯೆಲ್ಲ ಅಳಿದುಹೋಗುತ್ತಿತ್ತು.

ಈ ಬರಹ ಹುಟ್ಟಿದ್ದು ಆ ಪುಟದಿಂದ. ಶಾಲೆಗೆ ಹಣ ಕೊಡಬೇಕೆಂಬ ಮನಸ್ಸಿರುವ ಹಳೆಯ ವಿದ್ಯಾರ್ಥಿಗಳು ಎಲ್ಲೆಲ್ಲೂ ಇದ್ದಾರೆ. ಆದರೆ ಆ ಹಣವು ನಮ್ಮ ನೆನಪು ಹೇಳಿದ ಕಡೆಗೆ ಹೋಗದೆ ಶಾಲೆಯ ಅಗತ್ಯ ಕೇಳಿದ ಕಡೆಗೆ ಹೋಗಬೇಕಾದರೆ, ಒಮ್ಮೆ ಬಂದು ನಿಲ್ಲದೆ ವರ್ಷವರ್ಷವೂ ಬರಬೇಕಾದರೆ, ಕೊಡುವ ಮೊದಲು ಕೆಲವು ಕೆಲಸಗಳನ್ನು ಮಾಡಬೇಕಾಗುತ್ತದೆ.

ಮೊದಲು ಕೇಳಿ ತಿಳಿಯುವುದು

ಮುಖ್ಯೋಪಾಧ್ಯಾಯರನ್ನು ಭೇಟಿಯಾಗಿ "ಶಾಲೆಗೆ ಏನು ಬೇಕು?" ಎಂದು ಕೇಳಿದರೆ ಅವರು ಸಾಮಾನ್ಯವಾಗಿ ದಾನಿಗೆ ಇಷ್ಟವಾಗುವಂಥ ಉತ್ತರವನ್ನೇ ಕೊಡುತ್ತಾರೆ, ಸಭಾಂಗಣ, ಬಸ್ಸು, ಹೊಸ ಕಟ್ಟಡ ಎನ್ನುತ್ತಾರೆ. ಅದರ ಬದಲು "ಕಳೆದ ವರ್ಷ ಯಾವ ಖರ್ಚಿಗೆ ಹಣ ಸಾಲದೆ ಹೋಯಿತು, ಅದನ್ನು ಹೇಗೆ ಸರಿದೂಗಿಸಿದಿರಿ?" ಎಂದು ಕೇಳಿ. ಈ ಪ್ರಶ್ನೆಗೆ ಬರುವ ಉತ್ತರ ಬೇರೆಯೇ ಆಗಿರುತ್ತದೆ. ಯಾವ ಶಾಲೆಯಲ್ಲೇ ಆದರೂ ಖರ್ಚಿನ ದೊಡ್ಡ ಪಾಲು ಶಿಕ್ಷಕರ ಮತ್ತು ಸಿಬ್ಬಂದಿಯ ಸಂಬಳಕ್ಕೆ ಹೋಗುತ್ತದೆ. ಒಂದು ಕಾಲಕ್ಕೆ ಅನೇಕ ಕ್ರೈಸ್ತ ಶಾಲೆಗಳಲ್ಲಿ ಪಾದ್ರಿಗಳು, ಬ್ರದರ್‌ಗಳು, ಸಿಸ್ಟರ್‌ಗಳು ಅಲ್ಪಸ್ವಲ್ಪ ಜೀವನಾಂಶವನ್ನಷ್ಟೇ ಪಡೆದು ಪಾಠ ಮಾಡುತ್ತಿದ್ದರು. ಅವರ ದುಡಿಮೆಯೇ ಶಾಲೆಗೆ ಸಿಗುತ್ತಿದ್ದ ಅತಿ ದೊಡ್ಡ ದೇಣಿಗೆಯಾಗಿತ್ತು, ಅದು ಯಾವ ಲೆಕ್ಕದ ಪುಸ್ತಕದಲ್ಲೂ ಕಾಣುತ್ತಿರಲಿಲ್ಲ. ಈಗ ಆ ಜಾಗಗಳಲ್ಲಿ ಹೆಚ್ಚಾಗಿ ಸಂಸಾರಸ್ಥ ಶಿಕ್ಷಕರಿದ್ದಾರೆ, ಅವರಿಗೆ ನ್ಯಾಯವಾದ ಸಂಬಳ ಕೊಡಲೇಬೇಕು. ಶುಲ್ಕವನ್ನು ಅದಕ್ಕೆ ತಕ್ಕಂತೆ ಏರಿಸಿದರೆ ಬಡ ಮಕ್ಕಳು ಹೊರಗುಳಿಯುತ್ತಾರೆ, ಏರಿಸದಿದ್ದರೆ ಲೆಕ್ಕ ಕೂಡುವುದಿಲ್ಲ. ನಮ್ಮ ಕಾಲದ ಕಡಿಮೆ ಶುಲ್ಕವನ್ನು ನೆನೆದು ಶಾಲೆ ಈಗ ದುಬಾರಿಯಾಗಿದೆ ಎಂದು ದೂರುವ ಮೊದಲು ಈ ಬದಲಾವಣೆಯನ್ನು ಅರಿಯುವುದು ಒಳ್ಳೆಯದು.

ಹಾಗಾಗಿ ಹಣಕ್ಕೆ ಉದ್ದೇಶವನ್ನು ಗೊತ್ತುಪಡಿಸಿ ಕೊಡಬೇಕೋ, ಶಾಲೆಯ ವಿವೇಚನೆಗೆ ಬಿಡಬೇಕೋ ಎಂಬ ಪ್ರಶ್ನೆ ಬಂದಾಗ, ಆಡಳಿತದ ಮೇಲೆ ನಂಬಿಕೆಯಿರುವವರು ಕನಿಷ್ಠ ಅರ್ಧ ಭಾಗವನ್ನಾದರೂ ಷರತ್ತಿಲ್ಲದೆ ಕೊಡಬೇಕೆಂಬುದು ನನ್ನ ಅಭಿಪ್ರಾಯ. ಮಳೆಗೆ ಸೋರುವ ಚಾವಣಿ, ವರ್ಷದ ಮಧ್ಯದಲ್ಲಿ ಕೆಲಸ ಬಿಟ್ಟುಹೋದ ಗಣಿತ ಶಿಕ್ಷಕರ ಜಾಗಕ್ಕೆ ತಾತ್ಕಾಲಿಕ ನೇಮಕಾತಿ, ತಂದೆಯನ್ನು ಕಳೆದುಕೊಂಡ ವಿದ್ಯಾರ್ಥಿನಿಯ ಪರೀಕ್ಷಾ ಶುಲ್ಕ, ಇವ್ಯಾವುವೂ ದಾನಿಯ ಪತ್ರದಲ್ಲಿ ಮೊದಲೇ ಬರೆದಿಡಬಹುದಾದ ಉದ್ದೇಶಗಳಲ್ಲ. ನಂಬಿಕೆ ಇನ್ನೂ ಕುದುರಿಲ್ಲ ಎನ್ನುವವರು ಗ್ರಂಥಾಲಯ, ಪ್ರಯೋಗಾಲಯ, ಶುಲ್ಕ ಸಹಾಯ ಮುಂತಾದ ಒಂದು ಶೀರ್ಷಿಕೆಯನ್ನು ಪತ್ರದಲ್ಲಿ ಸ್ಪಷ್ಟವಾಗಿ ನಮೂದಿಸಲಿ, ಆದರೆ ಕೊನೆಯಲ್ಲಿ "ಈ ಉದ್ದೇಶಕ್ಕೆ ಅಗತ್ಯ ಇಲ್ಲವಾದಲ್ಲಿ ಇದಕ್ಕೆ ಹತ್ತಿರವಾದ ಮತ್ತೊಂದು ಶೈಕ್ಷಣಿಕ ಉದ್ದೇಶಕ್ಕೆ ಬಳಸಬಹುದು" ಎಂಬ ಒಂದು ವಾಕ್ಯವನ್ನು ಸೇರಿಸಲಿ. ಆ ವಾಕ್ಯವಿಲ್ಲದ ಕಾರಣಕ್ಕೆ, ಯಾರೂ ಕಲಿಯದ ವಿಷಯದ ಬಹುಮಾನಕ್ಕೆಂದು ಇಟ್ಟ ಹಣ ಮುಟ್ಟಲಾಗದೆ ಬ್ಯಾಂಕಿನಲ್ಲಿ ಉಳಿದುಬಿಡುತ್ತದೆ.

ವಸ್ತುರೂಪದ ಕೊಡುಗೆಗೂ ಇದೇ ಮಾತು. ಶಾಲೆ ಕೇಳದ ವಸ್ತುವನ್ನು ಕೊಡಬೇಡಿ. ಕೇಳಿದ ವಸ್ತುವನ್ನು ಕೊಡುವಾಗ ಅದನ್ನು ಕೆಲವು ವರ್ಷ ನಡೆಸುವ ಖರ್ಚನ್ನೂ ಜೊತೆಗೆ ಕೊಡಿ.

ಹಣ ಯಾರ ಕೈಗೆ ಹೋಗುತ್ತದೆ

ಕ್ರೈಸ್ತ ಶಾಲೆಯ ಒಡೆತನ ಹೊರಗಿನಿಂದ ಕಾಣುವಷ್ಟು ಸರಳವಾಗಿರುವುದಿಲ್ಲ. ಒಂದು ಶಾಲೆ ಧರ್ಮಪ್ರಾಂತದ, ಎಂದರೆ ಬಿಷಪ್ಪರ ಆಡಳಿತದ ಅಧೀನದಲ್ಲಿರಬಹುದು, ಇನ್ನೊಂದು ಸ್ಥಳೀಯ ಚರ್ಚಿನದಾಗಿರಬಹುದು, ಮತ್ತೊಂದು ಸಿಸ್ಟರ್‌ಗಳ ಸಭೆಗೋ ಸ್ವತಂತ್ರ ಟ್ರಸ್ಟಿಗೋ ಸೇರಿರಬಹುದು. ಹಳೆಯ ವಿದ್ಯಾರ್ಥಿಗಳ ಸಂಘವೂ ಕೆಲವೆಡೆ ಪ್ರತ್ಯೇಕವಾಗಿ ನೋಂದಣಿಯಾಗಿರುತ್ತದೆ, ಕೆಲವೆಡೆ ಹೆಸರಿಗಷ್ಟೇ ಇರುತ್ತದೆ. ಆದ್ದರಿಂದ ನಾಲ್ಕು ವಿಷಯಗಳನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು: ಹಣ ಸಂದಾಯವಾಗುವ ಖಾತೆ ಯಾವ ಸಂಸ್ಥೆಯ ಹೆಸರಿನಲ್ಲಿದೆ, ಆ ಹಣ ಈ ಶಾಲೆಗೇ ಮೀಸಲಾಗಿರುತ್ತದೆಯೋ ಅಥವಾ ಒಡೆತನದ ಸಂಸ್ಥೆಯ ಸಾಮಾನ್ಯ ನಿಧಿಗೆ ಸೇರುತ್ತದೆಯೋ, ಖರ್ಚಿಗೆ ಸಹಿ ಹಾಕುವವರು ಯಾರು, ಲೆಕ್ಕಪರಿಶೋಧನೆಯ ವರದಿ ದಾನಿಗಳಿಗೆ ಸಿಗುತ್ತದೆಯೇ. ಹೀಗೆ ಕೇಳುವುದು ಅಪನಂಬಿಕೆಯ ಮಾತಾಗುತ್ತದೆ ಎಂದು ಹಿಂಜರಿಯುವವರಿದ್ದಾರೆ, ಗುರುಗಳ ಮುಂದೆ, ಅದರಲ್ಲೂ ಪಾದ್ರಿಗಳ ಅಥವಾ ಸಿಸ್ಟರ್‌ಗಳ ಮುಂದೆ ಲೆಕ್ಕ ಕೇಳಲು ನಾಲಿಗೆ ಏಳುವುದಿಲ್ಲ. ಆದರೆ ಕ್ರೈಸ್ತ ಪರಂಪರೆಯೇ ಈ ಹಿಂಜರಿಕೆಯನ್ನು ಒಪ್ಪುವುದಿಲ್ಲ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಹಣ ಕೂಡಿಸಿದ ಪೌಲನು, ಕ್ರೈಸ್ತ ಧರ್ಮವನ್ನು ಮೊದಲು ಸಾರಿದ ಅಪೊಸ್ತಲರಲ್ಲಿ ಒಬ್ಬನು, ಕೊರಿಂಥ ಪಟ್ಟಣದ ಕ್ರೈಸ್ತರಿಗೆ ಬರೆದ, ಬೈಬಲಿನಲ್ಲಿರುವ ಎರಡನೆಯ ಪತ್ರದ 8ನೇ ಅಧ್ಯಾಯದಲ್ಲಿ, ಈ ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ತಪ್ಪು ಹೊರಿಸದಂತೆ ತನ್ನ ಸಂಗಡಿಗ ತೀತನ ಜೊತೆಗೆ ಕ್ರೈಸ್ತ ಸಭೆಗಳೇ ಆರಿಸಿದ ಮತ್ತೊಬ್ಬ ಸಹೋದರನನ್ನೂ ಕಳುಹಿಸುತ್ತಿರುವುದಾಗಿ ಹೇಳುತ್ತಾನೆ. ದೇವರ ದೃಷ್ಟಿಯಲ್ಲಷ್ಟೇ ಅಲ್ಲದೆ ಮನುಷ್ಯರ ದೃಷ್ಟಿಯಲ್ಲೂ ಸರಿಯಾಗಿರಬೇಕು ಎಂಬುದು ಅವನು ಕೊಡುವ ಕಾರಣ. ಅಪೊಸ್ತಲನೇ ಎರಡನೆಯ ಸಾಕ್ಷಿಯನ್ನು ಕೇಳಿಕೊಂಡ ಮೇಲೆ ನಮ್ಮ ಖಜಾಂಚಿಗೆ ಎರಡನೆಯ ಸಹಿ ಬೇಡವೆನ್ನಲು ಕಾರಣವಿಲ್ಲ.

ಖಾತೆಯ ಸಂಖ್ಯೆ ಬದಲಾಗಿದೆ ಎಂಬ ಸಂದೇಶವೋ ಇಮೇಲೋ ಬಂದರೆ, ಅದರಲ್ಲಿರುವ ಫೋನ್ ಸಂಖ್ಯೆಗೆ ಕರೆ ಮಾಡದೆ, ನಿಮಗೆ ಮೊದಲಿನಿಂದ ಗೊತ್ತಿರುವ ಶಾಲೆಯ ಸಂಖ್ಯೆಗೆ ಕರೆ ಮಾಡಿ ವಿಚಾರಿಸಿದ ಮೇಲೆಯೇ ಹಣ ಕಳುಹಿಸಿ.

ಎಷ್ಟು, ಎಷ್ಟು ದಿನಕ್ಕೊಮ್ಮೆ

ದೊಡ್ಡ ಮೊತ್ತ ಕೈಗೂಡಿದ ಮೇಲೆ ಕೊಡೋಣ ಎಂದು ಕಾಯುವವರು ಬಹಳ. ಕಾಯುತ್ತ ಹೋದಂತೆ ಮನೆ, ಮಕ್ಕಳ ಓದು, ಹೆತ್ತವರ ಆಸ್ಪತ್ರೆ ಎಂದು ಒಂದರ ಹಿಂದೆ ಒಂದು ಬರುತ್ತವೆ. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 16ನೇ ಅಧ್ಯಾಯದಲ್ಲಿ ಇದಕ್ಕೆ ಹೇಳುವ ಉಪಾಯ ಸರಳವಾದದ್ದು: ಪ್ರತಿಯೊಬ್ಬನೂ ತನ್ನ ಸಂಪಾದನೆಗೆ ತಕ್ಕಂತೆ ವಾರದ ಮೊದಲನೆಯ ದಿನವೇ ಒಂದಿಷ್ಟನ್ನು ತೆಗೆದಿಡಲಿ, ನಾನು ಬಂದ ಮೇಲೆ ಹಣ ಕೂಡಿಸುವುದು ಬೇಡ. ಇದನ್ನೇ ಈಗಿನ ಮಾತಿನಲ್ಲಿ ಹೇಳುವುದಾದರೆ, ಸಂಬಳ ಬಂದ ಮರುದಿನ ಖಾತೆಯಿಂದ ತಾನಾಗಿ ಹಣ ಹೋಗುವಂತೆ ಬ್ಯಾಂಕಿಗೆ ಸ್ಥಾಯಿ ಸೂಚನೆ ಕೊಟ್ಟುಬಿಡುವುದು. ಹಳೆಯ ವಿದ್ಯಾರ್ಥಿಗಳು ವರ್ಷವರ್ಷವೂ ಕೊಡುವ ನಿಧಿಯ ಪದ್ಧತಿಗೆ ಸಾಮಾನ್ಯವಾಗಿ ಮೊದಲ ಮಾದರಿಯೆಂದು ಹೇಳುವುದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 1890ರಲ್ಲಿ ಆರಂಭವಾದ ನಿಧಿಯನ್ನು. ಒಂದು ಪ್ರೌಢಶಾಲೆಗೆ ಅಂಥ ದೊಡ್ಡ ಕಚೇರಿ ಬೇಕಿಲ್ಲ, ಪ್ರತಿ ತಿಂಗಳೂ ತಪ್ಪದೆ ಕೊಡುವ ಐವತ್ತು ಜನ ಇದ್ದರೆ ಸಾಕು.

ಲೆಕ್ಕ ಹಾಕಿ ನೋಡಿ. ಒಬ್ಬ ವಿದ್ಯಾರ್ಥಿಯ ಒಂದು ವರ್ಷದ ಶುಲ್ಕವನ್ನು ಒಂದು ಪಾಲು ಎಂದಿಟ್ಟುಕೊಳ್ಳೋಣ. ಮೂಲಧನವನ್ನು ಮುಟ್ಟದೆ ಬಡ್ಡಿಯಿಂದಲೇ ಆ ಶುಲ್ಕವನ್ನು ಪ್ರತಿವರ್ಷ ಕಟ್ಟಲು ದತ್ತಿನಿಧಿಯೊಂದನ್ನು ಸ್ಥಾಪಿಸುವುದಾದರೆ, ದತ್ತಿನಿಧಿಗಳನ್ನು ಎಚ್ಚರದಿಂದ ನಡೆಸುವವರು ವರ್ಷಕ್ಕೆ ನಿಧಿಯ 4ರಿಂದ 5 ಶೇಕಡಾದಷ್ಟನ್ನು ಮಾತ್ರ ಖರ್ಚಿಗೆ ತೆಗೆಯುವುದರಿಂದ, ಅಂಥ 20ರಿಂದ 25 ಪಾಲುಗಳನ್ನು ಮೊದಲೇ ಕೂಡಿಸಬೇಕಾಗುತ್ತದೆ. ಬಂದ ಬಡ್ಡಿಯನ್ನೆಲ್ಲ ಖರ್ಚು ಮಾಡಿದರೆ ಬೆಲೆ ಏರಿಕೆಯಿಂದ ನಿಧಿಯ ಕಸುವು ಕರಗುತ್ತ ಹೋಗಿ, ಇಪ್ಪತ್ತು ವರ್ಷಗಳಲ್ಲಿ ಪೂರ್ತಿ ಶುಲ್ಕ ಕಟ್ಟುತ್ತಿದ್ದ ವಿದ್ಯಾರ್ಥಿವೇತನ ಪುಸ್ತಕ ಕೊಳ್ಳುವುದಕ್ಕೂ ಸಾಲದಂತಾಗಬಹುದು. ಅನೇಕ ಶಾಲೆಗಳ ಹಳೆಯ ಬಹುಮಾನ ನಿಧಿಗಳಿಗೆ ಆದದ್ದು ಇದೇ. ಆದರೆ 25 ಮಂದಿ ಸಹಪಾಠಿಗಳು ಆ ಪಾಲಿನ ಇಪ್ಪತ್ತೈದನೇ ಒಂದು ಭಾಗವನ್ನು ಪ್ರತಿವರ್ಷ ಕೊಟ್ಟರೆ ಅದೇ ಶುಲ್ಕ ಈ ವರ್ಷದಿಂದಲೇ ಸಂದಾಯವಾಗುತ್ತದೆ. ದತ್ತಿನಿಧಿ ಬೇಡವೆಂದು ನಾನು ಹೇಳುತ್ತಿಲ್ಲ. ಅಗಲಿದ ಶಿಕ್ಷಕರ ಹೆಸರಿನಲ್ಲಿ ನಿಧಿ ಇಡಬೇಕೆನ್ನುವ ಬಯಕೆ ಗೌರವಕ್ಕೆ ಯೋಗ್ಯವಾದದ್ದು. ಆದರೆ ವಾರ್ಷಿಕ ಕೊಡುಗೆ ನಡೆದುಬಂದು, ಲೆಕ್ಕ ಒಪ್ಪಿಸುವ ಅಭ್ಯಾಸ ಬೇರೂರಿದ ಮೇಲೆ ದತ್ತಿನಿಧಿಗೆ ಕೈಹಾಕುವುದು ಸರಿಯಾದ ಕ್ರಮ.

ಬ್ಯಾಚಿನ ಪರವಾಗಿ ಹಣ ಕೂಡಿಸುವಾಗ

ಒಬ್ಬರೇ ಕೊಡುವಾಗ ಇಲ್ಲದ ತೊಡಕುಗಳು ಹಲವರು ಸೇರಿ ಕೊಡುವಾಗ ಹುಟ್ಟುತ್ತವೆ, ಸ್ನೇಹಗಳು ಮುರಿಯುವುದೂ ಇಲ್ಲೇ. ಸಾಧ್ಯವಾದಷ್ಟು ಮಟ್ಟಿಗೆ ಪ್ರತಿಯೊಬ್ಬರೂ ನೇರವಾಗಿ ಶಾಲೆಯ ಖಾತೆಗೆ ಹಣ ಕಳುಹಿಸಿ, ರಸೀದಿಯನ್ನು ತಮ್ಮ ಹೆಸರಿನಲ್ಲೇ ಪಡೆಯುವುದು ಒಳ್ಳೆಯದು. ಗೆಳೆಯನೊಬ್ಬನ ಸ್ವಂತ ಖಾತೆಯಲ್ಲಿ ಹಣ ಕೂಡಿದರೆ, ಆತ ಎಷ್ಟೇ ಪ್ರಾಮಾಣಿಕನಾದರೂ, ಆ ಹಣ ತೆರಿಗೆಯವರ ಕಣ್ಣಿಗೆ ಆತನ ಆದಾಯದಂತೆ ಕಾಣಬಹುದು ಮತ್ತು ಕೊಟ್ಟವರಿಗೆ ರಸೀದಿ ಸಿಗದೆ ಹೋಗಬಹುದು. ಹಾಗೆ ಮಾಡಲೇಬೇಕಾಗಿ ಬಂದರೆ ಇಬ್ಬರ ಜಂಟಿ ಖಾತೆ ತೆರೆದು, ವಾರಕ್ಕೊಮ್ಮೆ ಒಟ್ಟು ಮೊತ್ತವನ್ನು ಎಲ್ಲರಿಗೂ ತಿಳಿಸಿ, ಕೊನೆಯ ದಿನಾಂಕ ಮುಗಿದ ಕೂಡಲೇ ಹಣವನ್ನು ಶಾಲೆಗೆ ವರ್ಗಾಯಿಸಿ ಖಾತೆಯನ್ನು ಮುಚ್ಚಿಬಿಡಬೇಕು. ಗುರಿಯಷ್ಟು ಹಣ ಕೂಡದಿದ್ದರೆ ಏನು ಮಾಡುವುದು, ಹೆಚ್ಚು ಕೂಡಿದರೆ ಏನು ಮಾಡುವುದು ಎಂಬುದನ್ನು ಮೊದಲ ಸಂದೇಶದಲ್ಲೇ ಬರೆದುಬಿಡಿ.

ಒಟ್ಟು ಮೊತ್ತವನ್ನು ತಿಳಿಸಿ ಎಂದೆ. ಯಾರು ಎಷ್ಟು ಕೊಟ್ಟರು ಎಂಬುದನ್ನು ತಿಳಿಸಬೇಡಿ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಉತ್ಸಾಹದಿಂದ ಹೆಸರು, ಮೊತ್ತಗಳ ಪಟ್ಟಿಯನ್ನು ದಿನವೂ ಹಾಕತೊಡಗಿದರು. ಮೊದಲ ದಿನ ದೊಡ್ಡ ಮೊತ್ತಗಳು ಸಾಲಾಗಿ ಬಂದವು, ಶಾಬಾಸ್‌ಗಳೂ ಬಂದವು. ನಾಲ್ಕನೆಯ ದಿನದಿಂದ ಪಟ್ಟಿ ಬೆಳೆಯಲಿಲ್ಲ. ತಿಂಗಳ ಮೇಲೆ ಒಬ್ಬ ಗೆಳತಿ ನನಗೆ ಪ್ರತ್ಯೇಕವಾಗಿ ಫೋನ್ ಮಾಡಿ, "ಆ ಪಟ್ಟಿಯ ಕೆಳಗೆ ನನ್ನ ಮೊತ್ತ ಬರೆಸುವುದಕ್ಕೆ ನಾಚಿಕೆಯಾಯಿತು, ಅದಕ್ಕೇ ಗುಂಪು ಬಿಟ್ಟೆ" ಎಂದಳು. ಆಕೆ ಶಾಲೆಯಲ್ಲಿದ್ದಾಗ ಪ್ರತಿ ಶುಕ್ರವಾರ ಪ್ರಾರ್ಥನಾಲಯವನ್ನು ತಾನಾಗಿಯೇ ಗುಡಿಸುತ್ತಿದ್ದವಳು. ಅಂಥವಳನ್ನು ನಮ್ಮ ಪಟ್ಟಿ ಹೊರಗೆ ದಬ್ಬಿತ್ತು. ಕಾಣಿಕೆ ಪೆಟ್ಟಿಗೆಯ ಎದುರು ಕುಳಿತು ಬಡ ವಿಧವೆಯ ಎರಡು ಕಾಸನ್ನು ಯೇಸು ಎತ್ತಿಹೇಳಿದ ಪ್ರಸಂಗವನ್ನು ನೀತಿಪಾಠದ ತರಗತಿಯಲ್ಲಿ ನಾವೆಲ್ಲ ಕೇಳಿದ್ದೆವು. ಮಾರ್ಕನ ಸುವಾರ್ತೆಯ 12ನೇ ಅಧ್ಯಾಯದ ಆ ಮಾತು ಹಣ ಕೂಡಿಸುವ ನಮ್ಮ ಪದ್ಧತಿಯೊಳಗೂ ಇಳಿಯಬೇಕಿತ್ತು. ಅಂದಿನಿಂದ ನಾವು ಪ್ರಕಟಿಸುವುದು ಎರಡೇ ಸಂಖ್ಯೆಗಳನ್ನು, ಎಷ್ಟು ಜನ ಕೊಟ್ಟರು ಮತ್ತು ಒಟ್ಟು ಎಷ್ಟಾಯಿತು. ಕೊಡುವವರ ಸಂಖ್ಯೆ ಏರಿದ್ದು ಅದರ ನಂತರವೇ.

ಕೇಳುವಾಗಲೂ ಎರಡು ಬಾರಿಗಿಂತ ಹೆಚ್ಚು ಒಬ್ಬರನ್ನು ಕೇಳಬೇಡಿ. ಕೊಡಲಾರದವರ ಮನೆಯ ಕಷ್ಟ ನಮಗೆ ಗೊತ್ತಿರುವುದಿಲ್ಲ. ಶಾಲೆಯಲ್ಲಿ ಪೆಟ್ಟು ತಿಂದು, ಅವಮಾನ ಉಂಡು ಹೋದವರೂ ನಮ್ಮ ನಡುವೆ ಇರುತ್ತಾರೆ, ಅವರಿಗೆ ಶಾಲೆಯ ಋಣದ ಮಾತನ್ನು ಹೇಳುವುದು ಗಾಯವನ್ನು ಕೆದಕಿದಂತೆ. ದುಃಖದಿಂದಾಗಲಿ ಬಲವಂತದಿಂದಾಗಲಿ ಯಾರೂ ಕೊಡಬಾರದೆಂದು ಪೌಲನು ಅದೇ ಎರಡನೆಯ ಪತ್ರದಲ್ಲಿ ಹೇಳಿರುವುದನ್ನು ಹಣ ಕೂಡಿಸುವವರು ಮರೆಯದಿರಲಿ.

ತೆರಿಗೆ, ಉದ್ಯೋಗದಾತರ ಪಾಲು, ಗಡಿ ದಾಟುವ ಹಣ

ತೆರಿಗೆ ರಿಯಾಯಿತಿಯ ನಿಯಮ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ 501(ಸಿ)(3) ಎಂಬ ತೆರಿಗೆ ಕಾನೂನಿನ ವಿಧಿಯಡಿ ಲಾಭರಹಿತ ಸಂಸ್ಥೆಯೆಂಬ ಮಾನ್ಯತೆಯುಳ್ಳ ಸಂಸ್ಥೆಗೆ ಕೊಟ್ಟ ಹಣಕ್ಕೆ ವಿನಾಯಿತಿ ಕೇಳಬಹುದು; ಬ್ರಿಟನ್ನಿನಲ್ಲಿ 1990ರಿಂದಿರುವ ಗಿಫ್ಟ್ ಏಡ್ ಪದ್ಧತಿಯಂತೆ ತೆರಿಗೆದಾರರೊಬ್ಬರು ಕೊಡುವ ಪ್ರತಿ 1 ಪೌಂಡಿಗೆ 25 ಪೆನ್ಸ್‌ಗಳನ್ನು ಸಂಸ್ಥೆಯು ಸರ್ಕಾರದಿಂದ ಪಡೆಯಬಹುದು, ಅದಕ್ಕೆ ದಾನಿ ಒಂದು ಘೋಷಣೆಗೆ ಸಹಿ ಹಾಕಿದರೆ ಸಾಕು; ಭಾರತದಲ್ಲಿ 80ಜಿ ಎಂದು ಪರಿಚಿತವಾಗಿರುವ ಆದಾಯ ತೆರಿಗೆ ರಿಯಾಯಿತಿಗೆ ಸಂಸ್ಥೆಯ ನೋಂದಣಿ ಮತ್ತು ಸರಿಯಾದ ಪ್ರಮಾಣಪತ್ರ ಬೇಕು. ಯಾವ ದೇಶದಲ್ಲೇ ಆದರೂ ಸಂಸ್ಥೆಯ ಮಾನ್ಯತೆ ಚಾಲ್ತಿಯಲ್ಲಿದೆಯೇ ಎಂದು ಹಣ ಕಳುಹಿಸುವ ಮೊದಲೇ ನೋಡಿಕೊಳ್ಳಿ. ನಿಮ್ಮ ಸ್ವಂತ ಮಗುವಿನ ಶುಲ್ಕವನ್ನೋ, ನೀವೇ ಹೆಸರಿಸಿದ ಒಬ್ಬ ವಿದ್ಯಾರ್ಥಿಯ ಶುಲ್ಕವನ್ನೋ ದೇಣಿಗೆಯೆಂದು ತೋರಿಸಲು ಹೋಗಬೇಡಿ. ವಿದೇಶದ ಪೌರತ್ವ ಪಡೆದವರು ಭಾರತದಲ್ಲಿರುವ ತಮ್ಮ ಶಾಲೆಗೆ ಕೊಡುವುದಾದರೆ, ಅವರು ಭಾರತೀಯ ಮೂಲದವರಾಗಿದ್ದರೂ ಅದು 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಆ ಕಾಯ್ದೆಯಡಿ ನೋಂದಣಿಯಿಲ್ಲದ ಶಾಲೆಗೆ ಒಳ್ಳೆಯ ಮನಸ್ಸಿನಿಂದ ಕಳುಹಿಸಿದ ಹಣವೂ ಶಾಲೆಯನ್ನು ಕಾನೂನಿನ ತೊಂದರೆಗೆ ಸಿಲುಕಿಸುತ್ತದೆ.

ನೌಕರರು ಕೊಟ್ಟಷ್ಟನ್ನೇ ತಾವೂ ಸೇರಿಸುವ ಕಂಪನಿಗಳಿವೆ. ಜನರಲ್ ಎಲೆಕ್ಟ್ರಿಕ್ ಕಂಪನಿ 1954ರಲ್ಲಿ ಕಾಲೇಜುಗಳಿಗಾಗಿ ಆರಂಭಿಸಿದ ಈ ಕ್ರಮ ಈಗ ಬಹಳ ಕಡೆ ಇದೆ, ಆದರೂ ಅರ್ಜಿ ಹಾಕದೆ ಬಿಡುವವರೇ ನನಗೆ ಹೆಚ್ಚಾಗಿ ಸಿಕ್ಕಿದ್ದಾರೆ. ಒಂದು ಎಚ್ಚರಿಕೆ: ಧಾರ್ಮಿಕ ಉದ್ದೇಶದ ಕೊಡುಗೆಗೆ ಪಾಲು ಸೇರಿಸುವುದಿಲ್ಲವೆಂಬ ನಿಯಮ ಹಲವು ಕಂಪನಿಗಳಲ್ಲಿದೆ. ಆದ್ದರಿಂದ ಹಣ ಶಾಲೆಯ ಶೈಕ್ಷಣಿಕ ಕೆಲಸಕ್ಕೆ ಹೋಗುತ್ತದೆ ಎಂದು ಶಾಲೆಯಿಂದ ಪತ್ರ ಪಡೆದು ಅರ್ಜಿಯ ಜೊತೆಗಿಡಿ, ಆ ಮಾತು ನಿಜವೂ ಆಗಿರಲಿ.

ಉಯಿಲಿನಲ್ಲಿ ಶಾಲೆಗೆ ಪಾಲು ಬರೆಯುವವರು ಶಾಲೆಯ ಕರೆಯುವ ಹೆಸರನ್ನು ಬರೆಯದೆ ಒಡೆತನದ ಸಂಸ್ಥೆಯ ನೋಂದಾಯಿತ ಹೆಸರನ್ನು ಬರೆಯಬೇಕು, ಮನೆಯವರಿಗೆ ಮೊದಲೇ ತಿಳಿಸಬೇಕು.

ನಂಬಿಕೆಯ ಪ್ರಶ್ನೆ

ಕ್ರೈಸ್ತ ಶಾಲೆಯಲ್ಲಿ ಓದಿದವರೆಲ್ಲ ಕ್ರೈಸ್ತರಲ್ಲ. ಹುಟ್ಟಿನಿಂದ ಕ್ರೈಸ್ತರಾದವರೂ ಈಗ ಚರ್ಚಿನಿಂದ ದೂರವಿರಬಹುದು. ಪ್ರಾರ್ಥನಾಲಯದ ನವೀಕರಣಕ್ಕೆ ಕೊಡಲು ಒಬ್ಬರಿಗೆ ಮನಸ್ಸಿದ್ದರೆ, ಇನ್ನೊಬ್ಬರು ವಿಜ್ಞಾನದ ಪ್ರಯೋಗಾಲಯಕ್ಕಷ್ಟೇ ಕೊಡಬಯಸುತ್ತಾರೆ. ಎರಡಕ್ಕೂ ಪ್ರತ್ಯೇಕ ಶೀರ್ಷಿಕೆಗಳನ್ನು ಇಡುವಂತೆ ಶಾಲೆಯನ್ನು ಕೇಳಿದರೆ ಜಗಳವೇ ಇರುವುದಿಲ್ಲ. ಆದರೆ ಹಣ ಕೊಟ್ಟ ಮಾತ್ರಕ್ಕೆ ಬೆಳಗಿನ ಪ್ರಾರ್ಥನೆಯನ್ನು ನಿಲ್ಲಿಸಿ ಎಂದಾಗಲಿ, ಇಂಥ ಪಂಗಡದ ಮಕ್ಕಳಿಗೇ ಸಹಾಯ ಮಾಡಿ ಎಂದಾಗಲಿ ಹೇಳುವ ಹಕ್ಕು ದಾನಿಗೆ ಬರುವುದಿಲ್ಲ. ಶಾಲೆಯ ಧಾರ್ಮಿಕ ಸ್ವರೂಪ ನಿಮಗೆ ಒಪ್ಪಿಗೆಯಿಲ್ಲದಿದ್ದರೆ ಕೊಡದಿರುವ ಸ್ವಾತಂತ್ರ್ಯ ನಿಮಗಿದೆ, ಕೊಟ್ಟು ಬದಲಾಯಿಸಲು ಹೊರಡುವುದು ಸರಿಯಲ್ಲ. ಬಂಧುಗಳ ಮಗುವಿಗೆ ಸೀಟು ಕೇಳುವುದು, ಪರಿಚಯದವರಿಗೆ ಕೆಲಸ ಕೇಳುವುದು ಕೂಡ ಹೀಗೆಯೇ. ಕೇಳಿದ ಕ್ಷಣದಲ್ಲೇ ದೇಣಿಗೆ ವ್ಯವಹಾರವಾಗಿಬಿಡುತ್ತದೆ.

ಶುಲ್ಕ ಸಹಾಯಕ್ಕೆ ಕೊಟ್ಟವರು ಮಕ್ಕಳ ಹೆಸರು, ಫೋಟೋಗಳನ್ನು ಕೇಳಬಾರದು. ವೇದಿಕೆಯ ಮೇಲೆ ಬಡ ವಿದ್ಯಾರ್ಥಿಯನ್ನು ನಿಲ್ಲಿಸಿ ಚೆಕ್ಕು ಕೊಡಿಸುವ ಕಾರ್ಯಕ್ರಮಕ್ಕೆ ದಯವಿಟ್ಟು ಒಪ್ಪಬೇಡಿ. ಬಲಗೈ ಮಾಡುವುದು ಎಡಗೈಗೆ ತಿಳಿಯದಿರಲಿ ಎಂಬ ಉಪದೇಶವನ್ನು ಕಲಿಸಿದ ಶಾಲೆಯ ಅಂಗಳದಲ್ಲಿಯೇ ಹದಿನಾಲ್ಕು ವರ್ಷದ ಹುಡುಗನೊಬ್ಬ ಸಹಪಾಠಿಗಳ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾಗಿ ಬರಬಾರದು. ಎಷ್ಟು ಮಕ್ಕಳಿಗೆ, ಯಾವ ತರಗತಿಯಲ್ಲಿ, ಒಟ್ಟು ಎಷ್ಟು ಸಂದಾಯವಾಯಿತು ಎಂಬ ವಿವರ ದಾನಿಗೆ ಸಾಕು.

ಕೊಟ್ಟ ದಿನವೇ ಒಂದು ಪತ್ರ ಬರೆದು, ಮೊತ್ತ, ಉದ್ದೇಶ, ಎಷ್ಟು ವರ್ಷ ಕೊಡುವಿರಿ, ಯಾವ ತಿಂಗಳಲ್ಲಿ ಲೆಕ್ಕ ನಿರೀಕ್ಷಿಸುವಿರಿ ಎಂಬುದನ್ನು ಒಂದೇ ಪುಟದಲ್ಲಿ ದಾಖಲಿಸಿ, ಶಾಲೆಯ ಸಹಿಯಿರುವ ಪ್ರತಿಯನ್ನು ರಸೀದಿಯ ಜೊತೆಗೆ ಇಟ್ಟುಕೊಳ್ಳಿ. ಮುಖ್ಯೋಪಾಧ್ಯಾಯರು ಬದಲಾಗುತ್ತಾರೆ, ಸಂಘದ ಪದಾಧಿಕಾರಿಗಳೂ ಬದಲಾಗುತ್ತಾರೆ. ಬಾಯಿಮಾತಿನ ಒಪ್ಪಂದ ಅವರೊಂದಿಗೇ ಹೋಗಿಬಿಡುತ್ತದೆ. ಕೊಡಲಾಗದ ವರ್ಷ ಬಂದರೆ ಶಾಲೆಗೆ ಮುಂಚಿತವಾಗಿ ತಿಳಿಸಿ, ಏಕೆಂದರೆ ನಿಮ್ಮ ಹಣವನ್ನು ನಂಬಿ ಅವರು ಯಾರಿಗೋ ಶುಲ್ಕ ಬಿಟ್ಟುಕೊಡುವುದಾಗಿ ಮಾತು ಕೊಟ್ಟಿರುತ್ತಾರೆ.

ಧೂಳು ಕೂತ ಆ ಕೋಣೆಗೆ ನಾವು ಮತ್ತೆ ಹೊಸ ಯಂತ್ರಗಳನ್ನು ಕೊಡಲಿಲ್ಲ. ರಿಪೇರಿ ಮಾಡುವವರಿಗೂ ವಾರಕ್ಕೆ ಮೂರು ದಿನ ಕಲಿಸುವ ಶಿಕ್ಷಕಿಗೂ ತಿಂಗಳ ಹಣ ಹೋಗುವಂತೆ ಮಾಡಿದೆವು. ಕೆಟ್ಟುಹೋಗಿದ್ದವುಗಳಲ್ಲಿ ಒಂಬತ್ತು ಮತ್ತೆ ನಡೆಯತೊಡಗಿದವು. ಉಳಿದ ಹಣ ಲೆಡ್ಜರಿಗೆ ಹೋಗುತ್ತದೆ. ವರ್ಷಕ್ಕೊಮ್ಮೆ ಹೋದಾಗ ಗುಮಾಸ್ತೆ ಹೆಸರುಗಳ ಮೇಲೆ ಬಿಳಿ ಹಾಳೆ ಮುಚ್ಚಿ ಪುಟವನ್ನು ನಮ್ಮ ಕಡೆಗೆ ತಿರುಗಿಸುತ್ತಾರೆ, ನಾವು ಕೆಂಪು ಸಾಲುಗಳನ್ನು ಎಣಿಸಿಕೊಂಡು ಮುಂದಿನ ವರ್ಷದ ಮೊತ್ತವನ್ನು ಗೊತ್ತುಮಾಡಿಕೊಂಡು ಬರುತ್ತೇವೆ.